ಫ್ಲೋರೈಡ್ ಹಾಕಿದಷ್ಟೂ ವಾಹಕತೆ ಇಳೀತಿದೆಯಾ? ಗಾಜಿನ ಬಿಲ್ಲೆಯಲ್ಲಿ ದೋಷ ಹುಡುಕುವ ಬಗೆ

ಹೋದ ಬೇಸಿಗೆಯಲ್ಲಿ ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಒಂದು ಗ್ರಾಫ್ ಮೂರು ವಾರ ತಲೆ ತಿಂದಿತು. ಲಿಥಿಯಂ ಬೋರೇಟ್ ಗಾಜಿಗೆ ಲಿಥಿಯಂ ಫ್ಲೋರೈಡ್ ಸೇರಿಸುತ್ತಾ ಹೋಗುವ ಸರಣಿ ಅದು. 0, 5, 10, 15, 20 ಮೋಲ್ ಶೇಕಡಾ, ಅಂದರೆ ತೂಕದ ಲೆಕ್ಕವಲ್ಲ, ಕಣಗಳ ಎಣಿಕೆಯ ಲೆಕ್ಕ. ಲಿಥಿಯಂ ಆಕ್ಸೈಡ್‌ಗೆ ಮೂರರಷ್ಟು ಬೋರಾನ್ ಆಕ್ಸೈಡ್, ಆ ಅನುಪಾತ ಬದಲಾಗುವುದಿಲ್ಲ. ಫ್ಲೋರೈಡ್ ಜಾಸ್ತಿ ಆದಂತೆ ಅಯಾನುಗಳ ಓಡಾಟ ಸಲೀಸಾಗಬೇಕು, ವಾಹಕತೆ ಏರಬೇಕು. 10ರ ತನಕ ಏರಿತು. 15ಕ್ಕೆ ನಿಂತಿತು. 20ಕ್ಕೆ ಇಳಿಯಿತು.

ಬಿಲ್ಲೆಗಳನ್ನು ಮಾಡಿದ ಹುಡುಗನಿಗೆ ಖುಷಿಯೋ ಖುಷಿ. "ಸರ್, ಇಲ್ಲೇನೋ ಹೊಸದೈತಿ. 15 ದಾಟಿದ ಮೇಲೆ ಗಾಜಿನ ಸ್ಟ್ರಕ್ಚರೇ ಬದಲಾಗೈತಿ" ಅಂದ. ಬದಲಾಗಿತ್ತು, ನಿಜ. ಆದರೆ ಅವನು ಅಂದುಕೊಂಡ ಥರ ಅಲ್ಲ.

ಫ್ಲೋರೈಡ್ ಗಾಜುಗಳ ಮೇಲೆ ಪ್ರಾಜೆಕ್ಟ್ ಮಾಡುವವರಿಗೆ ಈ ತೊಂದರೆ ಒಂದಲ್ಲ ಒಂದು ದಿನ ಎದುರಾಗುತ್ತೆ. ನಾವು ಯಾವುದನ್ನು ಮೊದಲು ನೋಡಿದೆವು, ಯಾವುದನ್ನು ಮೊದಲೇ ನೋಡಬೇಕಿತ್ತು, ಎರಡನ್ನೂ ಬರೆಯುತ್ತಿದ್ದೇನೆ.

ಏರಬೇಕು ಅಂತ ಯಾಕೆ ನಿರೀಕ್ಷೆ?

ಬರೀ ಬೋರಾನ್ ಆಕ್ಸೈಡ್ ಗಾಜಿನಲ್ಲಿ ಒಂದು ಬೋರಾನ್ ಸುತ್ತ ಮೂರು ಆಕ್ಸಿಜನ್. ಚಪ್ಪಟೆ ತ್ರಿಕೋನ. ಅದಕ್ಕೆ ಲಿಥಿಯಂ ಆಕ್ಸೈಡ್ ಹಾಕಿದರೆ ಕೆಲವು ಬೋರಾನ್‌ಗಳು ನಾಲ್ಕನೇ ಆಕ್ಸಿಜನ್ನನ್ನೂ ಹಿಡಿದುಕೊಳ್ಳುತ್ತವೆ. ತ್ರಿಕೋನ ಹೋಗಿ ನಾಲ್ಕು ಮೂಲೆಯ ಘಟಕ ಆಗುತ್ತೆ, ಈ ಘಟಕಗಳು ಒಂದಕ್ಕೊಂದು ಹೆಣೆದುಕೊಂಡ ಬಲೆ ಬಿಗಿಯಾಗುತ್ತೆ. ಆ ನಾಲ್ಕು ಮೂಲೆಯ ಘಟಕದ ಮೇಲೆ ಋಣ ವಿದ್ಯುತ್ ಇರುತ್ತೆ. ಲಿಥಿಯಂ ಅಯಾನು ಅದರ ಪಕ್ಕದಲ್ಲೇ ಠಿಕಾಣಿ ಹೂಡುತ್ತೆ. ಲಿಥಿಯಂ ಆಕ್ಸೈಡ್ ಸುಮಾರು ಮೂರನೇ ಒಂದು ಪಾಲು ದಾಟಿದ ಮೇಲೆ ಬಲೆ ಅಲ್ಲಲ್ಲಿ ಹರಿಯಲು ಶುರುವಾಗುತ್ತೆ, ಒಂದೇ ಬೋರಾನ್‌ಗೆ ಜೋತುಬಿದ್ದ ಆಕ್ಸಿಜನ್‌ಗಳು ಹುಟ್ಟುತ್ತವೆ.

ಲಿಥಿಯಂ ಅಯಾನು ನೀರಿನ ಹಾಗೆ ಹರಿಯೋದಿಲ್ಲ. ಜಿಗಿಯುತ್ತೆ. ಜಿಗಿಯೋದಕ್ಕಿಂತ ಕಾಯೋದೇ ಜಾಸ್ತಿ. ನಮ್ಮೂರಿನ ರೈಲ್ವೆ ಗೇಟ್ ಹಾಕಿದಾಗ ಬೈಕಿನಲ್ಲಿ ನಿಂತವರ ಕಥೆ ಅದು. ಹತ್ತು ನಿಮಿಷ ಕಾದು ಹತ್ತು ಸೆಕೆಂಡಿನಲ್ಲಿ ಗೇಟ್ ದಾಟೋದು. ಆ ಗೇಟಿನ ಎತ್ತರವೇ ಆಕ್ಟಿವೇಶನ್ ಎನರ್ಜಿ. 1954ರಲ್ಲಿ ಆಂಡರ್ಸನ್ ಮತ್ತು ಸ್ಟುವರ್ಟ್ ಇದನ್ನು ಎರಡು ಭಾಗ ಮಾಡಿ ಹೇಳಿದರು. ಪಕ್ಕದ ಋಣ ಅಯಾನಿನ ಹಿಡಿತ ಬಿಡಿಸಿಕೊಳ್ಳಲು ಬೇಕಾದ ಶಕ್ತಿ ಒಂದು. ಇಕ್ಕಟ್ಟಾದ ಬಾಗಿಲನ್ನು ಅಗಲ ಮಾಡಿಕೊಂಡು ನುಸುಳಲು ಬೇಕಾದ ಶಕ್ತಿ ಇನ್ನೊಂದು.

ಫ್ಲೋರೈಡ್ ಬಂದರೆ ಈ ಲೆಕ್ಕ ಸಡಿಲವಾಗುತ್ತೆ. ಕ್ಲೋರೈಡ್, ಅಯೋಡೈಡ್ ಸಾಮಾನ್ಯವಾಗಿ ಬಲೆಯ ಸಂದಿಯಲ್ಲಿ ಸುಮ್ನೆ ಕೂತು ಬಲೆಯನ್ನು ಅಗಲಿಸುತ್ತವೆ. ಫ್ಲೋರಿನ್ ಸ್ವಲ್ಪ ತುಂಟ. ಕೆಲವಷ್ಟು ಲಿಥಿಯಂ ಜೊತೆ ಸಂದಿಯಲ್ಲಿರುತ್ತೆ, ಕೆಲವಷ್ಟು ನೇರವಾಗಿ ಬೋರಾನ್‌ಗೇ ಅಂಟಿಕೊಳ್ಳುತ್ತೆ. ಹಾಗೆ ಅಂಟಿದ ಕಡೆ ಬಲೆಯ ಎಳೆ ಮುಂದುವರಿಯೋದಿಲ್ಲ, ಯಾಕಂದರೆ ಫ್ಲೋರಿನ್‌ಗೆ ಇನ್ನೊಂದು ಬೋರಾನ್ ಹಿಡಿಯಲು ಕೈಯಿಲ್ಲ. ಬಲೆ ಸಡಿಲ, ಲಿಥಿಯಂ ಸಂಖ್ಯೆ ಜಾಸ್ತಿ. ಹಾಗಾಗಿ ಗೇಟ್ ತಗ್ಗಬೇಕು.

ಒಂದು ಎಚ್ಚರಿಕೆ. ಈ ಗಾಜಿನಲ್ಲಿ ಓಡುವುದು ಲಿಥಿಯಂ. ಪೂರ್ತಿ ಫ್ಲೋರೈಡಿನದೇ ಗಾಜುಗಳಲ್ಲಿ ಹಾಗಲ್ಲ. 1974ರಲ್ಲಿ ಫ್ರಾನ್ಸಿನ ರೆನ್‌ನಲ್ಲಿ ಪೂಲೆನ್ ಸೋದರರಿಗೆ ಅಚಾನಕ್ಕಾಗಿ ಸಿಕ್ಕಿತಲ್ಲ, ಜಿರ್ಕೋನಿಯಂ ಫ್ಲೋರೈಡ್ ಗಾಜು, ಆ ಜಾತಿಯಲ್ಲಿ ಮುಖ್ಯವಾಗಿ ಫ್ಲೋರೈಡ್ ಅಯಾನೇ ಜಿಗಿಯುತ್ತೆ. ಸೀಸದ ಫ್ಲೋರೈಡ್ ಕಾಯಿಸಿದರೆ ಗಟ್ಟಿಯಾಗಿದ್ದೇ ವಿದ್ಯುತ್ ಸಾಗಿಸುತ್ತೆ ಅಂತ ಫ್ಯಾರಡೆ 1830ರ ದಶಕದಲ್ಲೇ ಗಮನಿಸಿದ್ದ, ಅಲ್ಲೂ ಓಡುವುದು ಫ್ಲೋರೈಡೇ. ನಿಮ್ಮ ಗಾಜಿನಲ್ಲಿ ಯಾರು ಓಡುತ್ತಿದ್ದಾರೆ ಅನ್ನೋದು ಗೊತ್ತಿಲ್ಲದೆ ದೋಷ ಹುಡುಕಲು ಹೋಗಬೇಡಿ.

ಮೊದಲು ಅಳತೆಯ ಮೇಲೆ ಅನುಮಾನ

ಬಿಲ್ಲೆಯ ಗಾತ್ರದ ಲೆಕ್ಕ ಮತ್ತೊಮ್ಮೆ ಮಾಡಿ. ನಾಚಿಕೆ ಬೇಡ. ವಾಹಕತೆ ಅಂದರೆ ದಪ್ಪವನ್ನು ರೋಧ ಮತ್ತು ವಿಸ್ತೀರ್ಣದಿಂದ ಭಾಗಿಸಿದ್ದು. 10 ಮಿಲಿಮೀಟರ್ ಅಗಲದ ಬಿಲ್ಲೆಗೆ ವಿಸ್ತೀರ್ಣ 0.785 ಚದರ ಸೆಂಟಿಮೀಟರ್. ದಪ್ಪ 0.15 ಸೆಂಟಿಮೀಟರ್, ರೋಧ 2.1 ಲಕ್ಷ ಓಮ್ ಅಂದರೆ ವಾಹಕತೆ ಸುಮಾರು 9.1 × 10⁻⁷ ಸೀಮೆನ್ಸ್ ಪ್ರತಿ ಸೆಂಟಿಮೀಟರ್. ವ್ಯಾಸವನ್ನೇ ತ್ರಿಜ್ಯ ಅಂತ ಹಾಕಿದರೆ ಉತ್ತರ ನಾಲ್ಕರಲ್ಲಿ ಒಂದಾಗುತ್ತೆ. ಐದು ಬಿಲ್ಲೆಯಲ್ಲಿ ಒಂದಕ್ಕೆ ಮಾತ್ರ ಈ ತಪ್ಪಾದರೆ ನೋಡಲು ಥೇಟ್ "ಹೊಸ ರಚನೆ" ಥರಾನೇ ಕಾಣುತ್ತೆ.

ಆಮೇಲೆ ಅರ್ಧವೃತ್ತ ಯಾವುದರದು ಅನ್ನೋದು. ಬಿಲ್ಲೆಯ ಎರಡೂ ಮುಖಕ್ಕೆ ಬೆಳ್ಳಿ ಪೇಸ್ಟ್ ಹಚ್ಚಿ, ಬೇರೆಬೇರೆ ಫ್ರೀಕ್ವೆನ್ಸಿಯಲ್ಲಿ ಕರೆಂಟಿಗೆ ಎಷ್ಟು ತಡೆ ಅಂತ ಅಳೆದು ಬರೆಯುವ ಗ್ರಾಫೇ ಇಂಪೀಡೆನ್ಸ್ ಪ್ಲಾಟ್. ಅದರಲ್ಲಿ ಅರ್ಧವೃತ್ತ ಬಂದ ತಕ್ಷಣ ಅದು ಗಾಜಿನದು ಅಂತ ನಂಬಬೇಡಿ. ಕೆಪಾಸಿಟೆನ್ಸ್ ತೆಗೆಯಿರಿ. ಮೇಲಿನ ಬಿಲ್ಲೆಯ ಡೈಎಲೆಕ್ಟ್ರಿಕ್ ಸ್ಥಿರಾಂಕ 10ರ ಆಸುಪಾಸು ಅಂತಿಟ್ಟುಕೊಂಡರೆ ಕೆಪಾಸಿಟೆನ್ಸ್ ನಾಲ್ಕೈದು ಪಿಕೋಫ್ಯಾರಡ್ ಬರಬೇಕು, ಅರ್ಧವೃತ್ತದ ತುದಿ 165 ಕಿಲೋಹರ್ಟ್ಸ್ ಹತ್ತಿರ ಇರಬೇಕು. ಮೈಕ್ರೋಫ್ಯಾರಡ್ ಬಂತಾ? ಅದು ಬೆಳ್ಳಿ ಪೇಸ್ಟಿನ ಕಡೆಯ ಕಥೆ, ಗಾಜಿನದಲ್ಲ. ನ್ಯಾನೋಫ್ಯಾರಡ್ ಕಡೆ ವಾಲಿದ ಎರಡನೇ ಅರ್ಧವೃತ್ತ ಬಂದರೆ ಒಳಗೆ ಹರಳು ಕಟ್ಟಿರಬಹುದು. ಕೆಳ ಫ್ರೀಕ್ವೆನ್ಸಿಯಲ್ಲಿ ಬಾಲ ಎದ್ದರೆ ಬೇಸರ ಬೇಡ. ಬೆಳ್ಳಿಯ ಗೋಡೆ ದಾಟಲಾಗದೆ ಲಿಥಿಯಂ ಅಲ್ಲಿ ಗುಂಪು ಸೇರಿದೆ ಅಂತ ಅರ್ಥ. ಅಯಾನು ಓಡುತ್ತಿದೆ ಅನ್ನೋದಕ್ಕೆ ಅದೇ ಸಾಕ್ಷಿ.

ತೇವ. ಲಿಥಿಯಂ ಬೋರೇಟ್ ಗಾಜಿಗೆ ನೀರು ಕಂಡರೆ ಆಸೆ. ಏಪ್ರಿಲ್‌ನಲ್ಲಿ ದಾವಣಗೆರೆಯ ಒಣ ಹವೆಯಲ್ಲಿ ಗೊತ್ತಾಗೋದಿಲ್ಲ, ಮುಂಗಾರು ಹಿಡಿದ ಮೇಲೆ ನೋಡಿ. ಬಿಲ್ಲೆಯ ಮೇಲೆ ನೀರಿನ ತೆಳು ಪೊರೆ ಕೂತು ಕರೆಂಟ್ ಗಾಜಿನ ಒಳಗೆ ಹೋಗದೆ ಮೈಮೇಲೇ ಹರಿದುಬಿಡುತ್ತೆ. ಪರೀಕ್ಷೆ ಸುಲಭ. ಒಂದು ಸಲ ಬಿಸಿ ಮಾಡುತ್ತಾ ಅಳೆಯಿರಿ, ತಣ್ಣಗಾಗುತ್ತಾ ಇನ್ನೊಂದು ಸಲ ಅಳೆಯಿರಿ. 100 ಡಿಗ್ರಿಗಿಂತ ಕೆಳಗೆ ಎರಡು ಗೆರೆ ಬೇರೆಬೇರೆ ಬಂದರೆ ತೇವ ಅಂತಲೇ ತಿಳಿಯಿರಿ. ಸಾಂದ್ರತೆ ಅಳೆಯುವಾಗಲೂ ನೀರು ಬೇಡ, ಟಾಲ್ಯುಯೀನ್ ಬಳಸಿ.

ನಮ್ಮ ಹುಡುಗ ಇದೆಲ್ಲ ಸರಿಯಾಗೇ ಮಾಡಿದ್ದ. ಉಷ್ಣತೆಯ ಜೊತೆ ವಾಹಕತೆ ಹೇಗೆ ಬದಲಾಗುತ್ತೆ ಅಂತ ತೋರಿಸುವ ಅರೇನಿಯಸ್ ಗೆರೆ ನೇರವಾಗಿತ್ತು, ಅದರ ಇಳಿಜಾರನ್ನು 0.1984ರಿಂದ ಗುಣಿಸಿ ಆಕ್ಟಿವೇಶನ್ ಎನರ್ಜಿಯನ್ನು ಎಲೆಕ್ಟ್ರಾನ್ ವೋಲ್ಟಿನಲ್ಲಿ ತೆಗೆದಿದ್ದ, ಅದೂ ಸರಿ. ತಪ್ಪು ಬಿಲ್ಲೆಯಲ್ಲೇ ಇತ್ತು.

ಬಿಲ್ಲೆಯನ್ನು ಬೆಳಕಿಗೆ ಹಿಡಿಯಿರಿ

ಕಿಟಕಿಯ ಕಡೆ ಹಿಡಿದು ನೋಡಿ. ತಿಳಿಯಾಗಿದೆಯಾ, ಮಬ್ಬಾಗಿದೆಯಾ, ಹಾಲಿನ ಥರ ಇದೆಯಾ? ಫ್ಲೋರೈಡ್ ಗಾಜಿನಲ್ಲಿ ಹಿಡಿಸಲಾರದಷ್ಟು ಆದರೆ ಸಣ್ಣ ಹರಳಾಗಿ ಬೇರೆಯಾಗುತ್ತೆ. ಹಾಲುಬಣ್ಣದ ಲೈಟ್ ಶೇಡುಗಳನ್ನು, ತಟ್ಟೆಗಳನ್ನು ಬೇಕಂತಲೇ ಹೀಗೆ ಮಾಡುತ್ತಾರೆ. ನಮಗೆ ಬೇಡ. ಹರಳಾದ ಲಿಥಿಯಂ ಫ್ಲೋರೈಡಿನಲ್ಲಿ ಲಿಥಿಯಂ ಜೈಲಿನಲ್ಲಿದ್ದ ಹಾಗೆ, ಓಡಾಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಕ್ಸ್‌ರೇ ಪ್ಲಾಟಿನಲ್ಲಿ ತಾಮ್ರದ ಕಿರಣಕ್ಕೆ 38.7, 45.0, 65.5 ಡಿಗ್ರಿಗಳ ಹತ್ತಿರ ಮುಳ್ಳು ಎದ್ದಿದ್ದರೆ ಅದೇ. ನಮ್ಮ 15 ಮತ್ತು 20ರ ಬಿಲ್ಲೆ ತಿಳಿಯಾಗಿದ್ದವು. ಎಕ್ಸ್‌ರೇಯಲ್ಲಿ ಬರೀ ಅಗಲವಾದ ಗುಡ್ಡ. ಹಾಗಾದರೆ ಹರಳಲ್ಲ.

ಇಲ್ಲಿ ನಾವು ಒಂದು ವಾರ ಸುಮ್ನೆ ಕಳೆದೆವು. ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ತೆಗೆದು ನಾಲ್ಕು ಮೂಲೆಯ ಬೋರಾನಿನ 850ರಿಂದ 1100 cm⁻¹ರ ಪಟ್ಟಿ, ತ್ರಿಕೋನದ 1200ರಿಂದ 1500ರ ಪಟ್ಟಿ, ಎರಡನ್ನೂ ಹೋಲಿಸುತ್ತಾ ಕೂತೆವು. ಬೋರಾನ್-ಫ್ಲೋರಿನ್ ಬಂಧದ ಗುರುತು ಬೋರಾನ್-ಆಕ್ಸಿಜನ್ ಪಟ್ಟಿಯ ಅಡಿಯಲ್ಲೇ ಅಡಗಿಕೊಳ್ಳುತ್ತೆ. ಏನು ಬೇಕಾದರೂ ಕಾಣಿಸುತ್ತೆ, ನೋಡುವವರ ಆಸೆಯ ಪ್ರಕಾರ.

ಅಷ್ಟಕ್ಕೂ ಫ್ಲೋರಿನ್ ಒಳಗಿದೆಯಾ?

ಸಿಕ್ಕಿಬಿದ್ದದ್ದು ಫ್ಯೂಮ್ ಹುಡ್ಡಿನ, ಅಂದರೆ ಹೊಗೆ ಹೊರಗೆಳೆಯುವ ಗೂಡಿನ, ಗಾಜಿನಿಂದ. ಫರ್ನೇಸಿನ ಮುಂದಿರುವ ಆ ಗಾಜು ಮಬ್ಬಾಗಿತ್ತು. ಧೂಳು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ, ಸಣ್ಣ ಮರಳು ಕಾಗದದ ಮೇಲೆ ಉಗುರೆಳೆದ ಹಾಗಿತ್ತು. ಅದು ಕೊಳೆ ಅಲ್ಲ, ಗಾಜೇ ಸವೆದಿತ್ತು. ಗಾಜನ್ನು ಹಾಗೆ ತಿನ್ನುವುದು ಹೈಡ್ರೋಜನ್ ಫ್ಲೋರೈಡ್. ನಮ್ಮ ಬಿಲ್ಲೆಯೊಳಗೆ ಇರಬೇಕಾದ ಫ್ಲೋರಿನ್ ಹುಡ್ಡಿನ ಗಾಜಿನ ಮೇಲೆ ಸಹಿ ಹಾಕಿ ಹೋಗಿತ್ತು.

ಆಮೇಲೆ ಹುಡುಗನ ನೋಟ್‌ಬುಕ್ ತೆಗೆಸಿದೆ. 20ರ ಬ್ಯಾಚಿನ ಪುಟದಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು: "ಕರೆಂಟ್ ಹೋಯ್ತು. ಮತ್ತೆ 1000ಕ್ಕೆ ಏರಿಸಿ 1 ಗಂಟೆ." 15ರದಕ್ಕೆ "ಚೆನ್ನಾಗಿ ಕರಗಲಿ ಅಂತ 45 ನಿಮಿಷ ಜಾಸ್ತಿ". 0, 5, 10 ಮೂರಕ್ಕೂ 30 ನಿಮಿಷ ಮಾತ್ರ. ಅಂದರೆ ಸರಣಿಯಲ್ಲಿ ಬದಲಾಗಿದ್ದು ಫ್ಲೋರೈಡ್ ಒಂದೇ ಅಲ್ಲ. ಬೆಂಕಿಯಲ್ಲಿ ಕಳೆದ ಹೊತ್ತೂ ಬದಲಾಗಿತ್ತು.

ಫ್ಲೋರಿನ್ ಓಡಿಹೋಗಲು ಎರಡು ದಾರಿ. ನೀರಿನ ಆವಿ ಸಿಕ್ಕರೆ ಹೈಡ್ರೋಜನ್ ಫ್ಲೋರೈಡ್ ಆಗಿ ಹೋಗುತ್ತೆ, ತನ್ನ ಜಾಗದಲ್ಲಿ ಆಕ್ಸಿಜನ್ ಬಿಟ್ಟು. ಇಲ್ಲದಿದ್ದರೆ ಬೋರಾನನ್ನೇ ಎಳೆದುಕೊಂಡು ಬೋರಾನ್ ಟ್ರೈಫ್ಲೋರೈಡ್ ಆಗಿ ಹೋಗುತ್ತೆ. ಅದು ಮನೆಯ ತಾಪದಲ್ಲೇ ಅನಿಲ, ಕರಗಿದ ಗಾಜಿನಲ್ಲಿ ನಿಲ್ಲುತ್ತಾ? ಈಗ ನಮ್ಮ ಬ್ಯಾಚ್ ನೋಡಿ. ಬೋರಾನ್ ಆಕ್ಸೈಡಿನ ಬದಲು ಬೋರಿಕ್ ಆಸಿಡ್ ಹಾಕಿದ್ದೆವು, ಎಲ್ಲರೂ ಹಾಕುವ ಹಾಗೆ. ಅದು ಕಾಯುವಾಗ ಮಂಡಕ್ಕಿ ಭಟ್ಟಿಯ ಅಕ್ಕಿ ಥರ ಉಬ್ಬಿ ರಾಶಿ ಆವಿ ಬಿಡುತ್ತೆ. ಫ್ಲೋರೈಡನ್ನು ಅದೇ ಕ್ರೂಸಿಬಲ್ಲಿನಲ್ಲಿ (ಗಾಜು ಕರಗಿಸುವ ಮೂಸೆಯಲ್ಲಿ) ಜೊತೆಗೇ ಇಟ್ಟಿದ್ದೆವು. ಫ್ಲೋರಿನ್ ಓಡಿಸಲು ಬೇಕಾದ ನೀರನ್ನು ನಾವೇ ತಂದುಕೊಟ್ಟ ಹಾಗಾಯಿತು.

ಎಷ್ಟು ಹೋಯಿತು ಅಂತ ತಿಳಿಯಲು ದೊಡ್ಡ ಯಂತ್ರ ಬೇಡ, ತಕ್ಕಡಿ ಸಾಕು. 20ರ ಬ್ಯಾಚಿನಲ್ಲಿ 10 ಗ್ರಾಂ ಗಾಜಿಗೆ ಬೇಕಾದದ್ದು ಲಿಥಿಯಂ ಕಾರ್ಬೊನೇಟ್ 2.79 ಗ್ರಾಂ, ಬೋರಿಕ್ ಆಸಿಡ್ 14.02 ಗ್ರಾಂ, ಲಿಥಿಯಂ ಫ್ಲೋರೈಡ್ 0.98 ಗ್ರಾಂ. ಒಟ್ಟು 17.79. ಇದರಲ್ಲಿ 6.13 ಗ್ರಾಂ ನೀರಾಗಿ, 1.66 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗಬೇಕು. ಉಳಿಯಬೇಕಾದದ್ದು 10. ಒಂದು ಬ್ಯಾಚನ್ನು ಸುರಿಯದೆ ಕ್ರೂಸಿಬಲ್ಲಿನಲ್ಲೇ ತಣ್ಣಗಾಗಲು ಬಿಟ್ಟು ತೂಕ ಮಾಡಿ. 9.70 ಬಂತು ಅಂತಿಟ್ಟುಕೊಳ್ಳಿ. 0.30 ಗ್ರಾಂ ತಾನೇ ಅನ್ನಿಸುತ್ತೆ. ಆದರೆ ಅಷ್ಟೂ ಬೋರಾನ್ ಟ್ರೈಫ್ಲೋರೈಡ್ ಆಗಿ ಹೋಗಿದ್ದರೆ ಹಾಕಿದ ಫ್ಲೋರಿನ್ನಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋದಂತೆ. ಹೈಡ್ರೋಜನ್ ಫ್ಲೋರೈಡ್ ಆಗಿ ಹೋಗಿದ್ದರೆ ಇನ್ನೂ ಕೆಟ್ಟದು, ಆಕ್ಸಿಜನ್ ಒಳಗೇ ಉಳಿಯೋದರಿಂದ ತೂಕದಲ್ಲಿ ಕಾಣೋದು ಕಡಿಮೆ. 0.30 ಗ್ರಾಂ ಅಂದರೆ ಸುಮಾರು 72 ಶೇಕಡಾ ಫ್ಲೋರಿನ್ ಹೋಯಿತು ಅಂತ.

ಬೋರಿಕ್ ಆಸಿಡ್ ಕೂಡ ಆವಿಯ ಜೊತೆ ಸ್ವಲ್ಪ ಹಾರುತ್ತೆ. ಹಾಗಾಗಿ ಫ್ಲೋರೈಡ್ ಇಲ್ಲದ ಬ್ಯಾಚನ್ನೂ ಅಷ್ಟೇ ಹೊತ್ತು ಕಾಯಿಸಿ ಅದರ ನಷ್ಟವನ್ನು ಕಳೆಯಿರಿ. ಇದನ್ನು ಬಿಟ್ಟರೆ ಲೆಕ್ಕ ಸುಳ್ಳಾಗುತ್ತೆ.

ನೇರವಾಗಿ ಫ್ಲೋರಿನ್ ಅಳೆಯಬೇಕು ಅನ್ನುವವರಿಗೆ ನಮ್ಮ ಕಡೆ ಒಂದು ಅನುಕೂಲ ಇದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ತೊಂದರೆ ಇರೋದರಿಂದ ನೀರು ಪರೀಕ್ಷೆಯ ಕಡೆ ಫ್ಲೋರೈಡ್ ಎಲೆಕ್ಟ್ರೋಡ್ ಸಿಗುವ ಸಂಭವ ಜಾಸ್ತಿ. ಗಾಜನ್ನು ಕರಗಿಸಿ ಅದರಲ್ಲೇ ನೋಡಬಹುದು. ಆ ಎಲೆಕ್ಟ್ರೋಡಿನ ತುದಿಯಲ್ಲಿರೋದು ಲ್ಯಾಂಥನಮ್ ಫ್ಲೋರೈಡ್ ಹರಳು, ಅದರೊಳಗೆ ಜಿಗಿಯೋದೂ ಫ್ಲೋರೈಡ್ ಅಯಾನೇ. ನಮ್ಮ ಊರಿನ ಹಲ್ಲಿನ ಕಲೆಗೂ ನಮ್ಮ ಗ್ರಾಫಿಗೂ ಒಂದೇ ಅಯಾನು ನೆಂಟ! ದ್ರಾವಣದ ಪಿಎಚ್ 5ರಿಂದ 6ರ ನಡುವೆ ಇಡಿ. ಆಮ್ಲ ಜಾಸ್ತಿ ಆದರೆ ಬೋರಾನ್ ಫ್ಲೋರಿನ್ನನ್ನು ಹಿಡಿದುಕೊಂಡುಬಿಡುತ್ತೆ, ಎಲೆಕ್ಟ್ರೋಡಿಗೆ ಕಾಣೋದಿಲ್ಲ.

ಫ್ಲೋರಿನ್ ಹೋದರೆ ಏರಿಕೆ ನಿಲ್ಲುತ್ತೆ, ಒಪ್ಪಿದೆವು. ಇಳಿಯಿತು ಯಾಕೆ? ಲಿಥಿಯಂ ಅಷ್ಟೇ ಇದೆಯಲ್ಲ?

ಆ ಉತ್ತರ ಕ್ರೂಸಿಬಲ್ಲಿನಲ್ಲಿತ್ತು. ಪೋರ್ಸಿಲಿನ್ ಕ್ರೂಸಿಬಲ್ಲಿನ ಒಳಗೆ ಬೆರಳಾಡಿಸಿದರೆ ಮೇಲ್ಭಾಗ ನುಣ್ಣಗೆ. ಕರಗಿದ ಗಾಜು ನಿಂತಿದ್ದ ಮಟ್ಟಕ್ಕೆ ಬಂದಾಗ ಒಂದು ಮೆಟ್ಟಿಲು. ಅದರ ಕೆಳಗೆ ಹೊಳಪೇ ಇಲ್ಲ, ಸೀಮೆಸುಣ್ಣದ ಥರ ಒರಟು. ಪೋರ್ಸಿಲಿನ್ ಕರಗಿ ಗಾಜಿಗೆ ಸೇರಿತ್ತು. ಯಾವ್ಯಾವ ಧಾತು ಇದೆ ಅಂತ ತೋರಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಇಡಿಎಸ್ ಪರೀಕ್ಷೆ ಹಾಕಿಸಿದಾಗ ನಾವು ಹಾಕದೇ ಇದ್ದ ಅಲ್ಯೂಮಿನಿಯಂ, ಸಿಲಿಕಾನ್ ಎರಡೂ ಇದ್ದವು. 20ರ ಬಿಲ್ಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಇವು ಬಂದರೆ ಲಿಥಿಯಂ ಪಾಲು ತೆಳುವಾಗುತ್ತೆ, ಸಡಿಲವಾಗಬೇಕಿದ್ದ ಬಲೆಗೆ ಹೊಸ ಗಂಟುಗಳು ಬೀಳುತ್ತವೆ. ಬಾಗಿಲು ಮತ್ತೆ ಇಕ್ಕಟ್ಟು.

ತಿದ್ದಿದ್ದು ಹೀಗೆ

ಫ್ಲೋರೈಡನ್ನು ನೀರಿನಿಂದ ದೂರ ಇಟ್ಟೆವು, ಮುಖ್ಯವಾದದ್ದು ಅಷ್ಟೇ. ಮೊದಲು ಬೋರಿಕ್ ಆಸಿಡ್ ಮತ್ತು ಕಾರ್ಬೊನೇಟನ್ನು ಮಾತ್ರ ಕಾಯಿಸಿ, ಉಬ್ಬುವುದೆಲ್ಲ ಉಬ್ಬಿ, ಗುಳ್ಳೆ ನಿಂತ ಮೇಲೆ ತಿಳಿ ಗಾಜು ಸುರಿದುಕೊಂಡೆವು. ಅದನ್ನು ಅಗೇಟ್ ಕಲ್ಲಿನಲ್ಲಿ ಪುಡಿ ಮಾಡಿ, 120 ಡಿಗ್ರಿಯಲ್ಲಿ ಒಣಗಿಸಿದ ಲಿಥಿಯಂ ಫ್ಲೋರೈಡ್ ಬೆರೆಸಿ, ಮುಚ್ಚಳ ಹಾಕಿ, ಈಗಾಗಲೇ 900ಕ್ಕೆ ಕಾದಿದ್ದ ಫರ್ನೇಸಿನೊಳಗೆ 15 ನಿಮಿಷ ಇಟ್ಟೆವು. 20ರ ಬ್ಯಾಚಿಗೆ 9.02 ಗ್ರಾಂ ಗಾಜಿನ ಪುಡಿ, 0.98 ಗ್ರಾಂ ಫ್ಲೋರೈಡ್. ಈ ವಿಧಾನದ ಇನ್ನೊಂದು ಲಾಭ ನಮಗೆ ಆಮೇಲೆ ಹೊಳೆಯಿತು. ಎರಡನೇ ಕಾಯಿಸುವಿಕೆಯಲ್ಲಿ ಹೋಗಬೇಕಾದದ್ದು ಏನೂ ಇಲ್ಲ. 10 ಗ್ರಾಂ ಹಾಕಿದರೆ 10 ಗ್ರಾಂ ಸಿಗಬೇಕು. ಕಮ್ಮಿ ಆದದ್ದೆಲ್ಲ ಕಳ್ಳ ಲೆಕ್ಕ.

ಪ್ಲಾಟಿನಂ ಕ್ರೂಸಿಬಲ್ ಇದ್ದವರು ಅದನ್ನೇ ಬಳಸಿ. ಆದರೆ ಸೀಸದ ಫ್ಲೋರೈಡ್ ಗಾಜಾದರೆ ಹುಷಾರು, ಸೀಸ ಲೋಹವಾಗಿ ಬಿಟ್ಟರೆ ಪ್ಲಾಟಿನಂ ಜೊತೆ ಬೆರೆತು ಕ್ರೂಸಿಬಲ್ಲನ್ನೇ ತೂತು ಮಾಡುತ್ತೆ. ನಮ್ಮಲ್ಲಿ ಪ್ಲಾಟಿನಂ ಇರಲಿಲ್ಲ. ಪ್ರತಿ ಬ್ಯಾಚಿಗೂ ಹೊಸ ಪೋರ್ಸಿಲಿನ್, ಎಲ್ಲಕ್ಕೂ ಅದೇ 15 ನಿಮಿಷ. ಮಧ್ಯೆ ಕರೆಂಟ್ ಹೋದರೆ ಆ ಬ್ಯಾಚ್ ಬಿಸಾಕುವುದು, ಮತ್ತೆ ಕಾಯಿಸುವುದಿಲ್ಲ. ಸುರಿದ ಬಿಲ್ಲೆಯನ್ನು ಗಾಜು ಮೆತ್ತಗಾಗಲು ಶುರುವಾಗುವ ಉಷ್ಣತೆಗಿಂತ 40–50 ಡಿಗ್ರಿ ಕೆಳಗೆ ಎರಡು ಗಂಟೆ ಇಟ್ಟು, ನಿಧಾನಕ್ಕೆ ಆರಿಸಿ, ನೇರ ಡೆಸಿಕೇಟರಿಗೆ, ಅಂದರೆ ತೇವ ತಾಗದ ಮುಚ್ಚಿದ ಪಾತ್ರೆಗೆ.

ಹುಡ್ಡಿನ ಫ್ಯಾನ್ ನಿಂತಿದ್ದರೆ ಈ ಕೆಲಸ ಶುರು ಮಾಡಲೇಬೇಡಿ. ಗಾಜನ್ನು ತಿನ್ನುವ ಅನಿಲ ಶ್ವಾಸಕೋಶವನ್ನು ಬಿಡುತ್ತಾ? ಹೈಡ್ರೋಜನ್ ಫ್ಲೋರೈಡ್ ಚರ್ಮ ಸುಟ್ಟರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಫರ್ನೇಸಿನ ಪಕ್ಕದಲ್ಲೇ ಇರಲಿ, ಬೀರುವಿನಲ್ಲಿ ಬೀಗ ಹಾಕಿ ಅಲ್ಲ.

ಹೊಸ ಸರಣಿಯಲ್ಲಿ ತಿರುವು ಹೋಯಿತು. 15ರದ್ದು 10ರದ್ದಕ್ಕಿಂತ ಮೇಲೆ, 20ರದ್ದು ಅದಕ್ಕಿಂತ ಮೇಲೆ. ಹುಡುಗನ ಮುಖ ಸ್ವಲ್ಪ ಬಾಡಿತು, ಹೊಸ ರಚನೆ ಕೈತಪ್ಪಿತಲ್ಲ. ಆದರೂ ಉತ್ಸಾಹ ಬಿಡದೆ 25 ಹಾಕಿ ನೋಡಿದ. ಹಿತ್ತಾಳೆ ತಟ್ಟೆಯ ಮೇಲೆ ಸುರಿದಾಗ ತಿಳಿಯಾಗಿತ್ತು. ನೋಡ್ತಾ ನೋಡ್ತಾ ನಡುವಿನಿಂದ ನೀಲಿ ಮಬ್ಬು ಎದ್ದು ಪೂರ್ತಿ ಹಾಲಾಯಿತು, ಅಂಚು ಮಾತ್ರ ತಿಳಿ ಉಳಿಯಿತು. ಅಂಚು ಬೇಗ ಆರಿತ್ತು, ನಡು ನಿಧಾನಕ್ಕೆ.

"ಇದನ್ನ ಬಿಸಾಕ್ಲಾ ಸರ್?"

"ಬ್ಯಾಡ ತಡಿ. ನಡುವಿಂದೊಂದು, ಅಂಚಿಂದೊಂದು ಚೂರು ತಗಿ. ಬೆಳ್ಳಿ ಹಚ್ಚು. ಎರಡು ಅರ್ಧವೃತ್ತ ಯಾವುದಕ್ಕೆ ಬರ್ತೈತಿ ನೋಡಾಣ."